ಕಿರುಬೆರಳಿನ ಸಾಕ್ಷಿ

ಬಂದೂಕು ರಿಪೇರಿ ಅಂಗಡಿಯ ಹಿಂಗೋಡೆಗೆ ಒರಗಿಕೊಂಡು ಒಂದು ಕಬ್ಬಿಣದ ಪೀಪಾಯಿ ಇತ್ತು. ಸೊಂಟದೆತ್ತರದ ಕಟ್ಟೆಯ ಮೇಲೆ, ಮಲಗಿ ಮೆಲುಕು ಹಾಕುವ ಹಸುವಿನ ಹಾಗೆ ತುಸು ಓರೆಯಾಗಿ, ಮೈಸುತ್ತ ಹಳೆಯ ಟೈರು ಬಿಗಿದುಕೊಂಡು, ಹೊಟ್ಟೆ ತುಂಬ ಒಣ ಮರಳು ತುಂಬಿಕೊಂಡು ಕೂತಿತ್ತು. ಬಾಯಿಗೆ ರಬ್ಬರಿನ ಮುಚ್ಚಳ, ಮುಚ್ಚಳದ ನಡುವೆ ಮುಷ್ಟಿ ತೂರುವಷ್ಟು ತೂತು. ಹೊಸಬರು ಅದನ್ನು ಕಸದ ಡಬ್ಬಿ ಅಂದುಕೊಂಡು ಚೀಟಿ, ಬಸ್ ಟಿಕೆಟ್ಟು ಎಸೆಯುತ್ತಿದ್ದರು. ಗುಬ್ಬಿ ಬೈಯದೆ ಹೆಕ್ಕಿ ತೆಗೆಯುತ್ತಿದ್ದಳು.

ಗುಬ್ಬಿ ಅಂದರೆ ಅಂಗಡಿಯ ಮೇಸ್ತ್ರಿಯ ಮಗಳು. ಮೂವತ್ತಕ್ಕೆ ಒಂದೇ ವರ್ಷ ಬಾಕಿ. ಹುಟ್ಟಿದಾಗ ಅಂಗೈಯಗಲ ಇದ್ದಳಂತೆ, ಅದಕ್ಕೆ ಸೋದರಮಾವ ಇಟ್ಟ ಹೆಸರು ಗಟ್ಟಿಯಾಗಿ ಅಂಟಿಕೊಂಡಿತ್ತು. ಅಪ್ಪನ ಪಕ್ಕದಲ್ಲಿ ಕೆಲಸದ ಮೇಜಿಗೆ ಕೂತು ಹನ್ನೊಂದು ವರ್ಷವಾಗಿತ್ತು. ಅಪ್ಪ ಕಬ್ಬಿಣದ ಕೆಲಸ, ಅವಳೂ ಕಬ್ಬಿಣದ ಕೆಲಸ. ಸೋದರಮಾವ ಮರದ ಕೆಲಸ. ಬಂದೂಕಿನ ಹಿಂಬದಿಯ ಹಿಡಿಗಳನ್ನು ಕೆತ್ತಿ, ಉಜ್ಜಿ, ಎಣ್ಣೆ ಕುಡಿಸಿ ಸಾಲಾಗಿ ನಿಲ್ಲಿಸುತ್ತಿದ್ದ. ಕಬ್ಬಿಣದ ಭಾಗವನ್ನು ಅವನು ಮುಟ್ಟುತ್ತಿರಲಿಲ್ಲ. ಯಾಕೆ ಅಂದರೆ, ನನ್ನ ಅಕ್ಕನನ್ನ ಕೊಟ್ಟಿದ್ದೀನಿ, ಪ್ರಾಣವನ್ನೂ ಕೊಡಬೇಕಾ ಅನ್ನುತ್ತಿದ್ದ.

ಪೀಪಾಯಿಯ ಕತೆ ಗುಬ್ಬಿಗೆ ತುತ್ತಿನ ಜೊತೆಗೇ ಗಂಟಲಿಗೆ ಇಳಿದಿತ್ತು. ಪ್ರತಿ ಬಂದೂಕಿನ ಹೊಟ್ಟೆಯಲ್ಲೂ ಒಬ್ಬ ದೈತ್ಯ ಮಲಗಿರ್ತಾನೆ ಮಗಾ, ಅನ್ನುತ್ತಿದ್ದಳು ಅಜ್ಜಿ. ಅವನ ನಿದ್ದೆ ಕೋಳಿನಿದ್ದೆ. ಒಳಗೆ ಇದ್ದೀಯೇನೋ ಅಂತ ಹೊರಗೆ ನಿಂತು ಕೇಳಬಾರದು, ಇಲ್ಲ ಅಂತ ಅವನೇ ಹೇಳಿಬಿಡ್ತಾನೆ. ಅದಕ್ಕೇ ನಿಮ್ಮಜ್ಜ ಮೂರು ಜನ ಕಾವಲುಗಾರರನ್ನ ಇಟ್ಟಿದ್ದಾರೆ. ಮೊದಲನೆಯವನು ಕಣ್ಣು. ಅವನು ಮುಖಸ್ತುತಿಯವನು, ನಿನಗೆ ಏನು ಬೇಕೋ ಅದನ್ನೇ ತೋರಿಸ್ತಾನೆ. ಎರಡನೆಯವನು ಕಿರುಬೆರಳು. ಅವನು ಮೂಗ, ಆದರೆ ಸತ್ಯವಂತ. ಮೂರನೆಯವನು ಮರಳು. ಎಲ್ಲರಿಗಿಂತ ಹಿರಿಯ, ಬಾಯಿ ಬಿಡೋನೇ ಅಲ್ಲ. ಅವನು ಬಾಯಿ ಬಿಟ್ಟ ದಿನ ಮಿಕ್ಕ ಇಬ್ಬರೂ ಸುಳ್ಳು ಹೇಳಿದ್ದಾರೆ ಅಂತ ತಿಳ್ಕೋ.

ದೈತ್ಯನನ್ನು ತೆಗೆದು ಪಕ್ಕಕ್ಕಿಟ್ಟರೆ ಉಳಿಯುವುದು ಕೆಲಸ. ಬಂದೂಕು ಅಂಗಡಿಗೆ ಬಂದ ಕೂಡಲೇ ಅದರ ಮೂತಿ ಪೀಪಾಯಿಯ ಕಡೆಗೆ ತಿರುಗಬೇಕು, ಬೇರೆ ಯಾವ ಕಡೆಗೂ ಅಲ್ಲ. ಬೆರಳು ಟ್ರಿಗರಿನ ಮೇಲೆ ಅಲ್ಲ, ಪಕ್ಕದಲ್ಲಿ ನೆಟ್ಟಗೆ. ಕೈಗೆ ತೆಗೆದುಕೊಂಡವರು ಅದನ್ನು ತೆರೆದು, ತೋಟಾ ಕೂರುವ ಗೂಡನ್ನು ಬೆಳಕಿಗೆ ಹಿಡಿದು ನೋಡಬೇಕು. ನೋಡಿದ ಮೇಲೆ ಕಿರುಬೆರಳನ್ನು ಗೂಡಿನೊಳಗೆ ಎರಡನೆಯ ಗೆಣ್ಣಿನ ತನಕ ತೂರಿಸಬೇಕು. ಆಮೇಲೆ ಬಾಯಿಬಿಟ್ಟು "ಖಾಲಿ" ಅನ್ನಬೇಕು. ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋದರೆ ಇನ್ನೊಬ್ಬರು ಮತ್ತೆ ಇದೆಲ್ಲವನ್ನೂ ಮೊದಲಿಂದ ಮಾಡಬೇಕು. ಒಂದು ನಿಮಿಷದಲ್ಲಿ ಅದೇ ಬಂದೂಕು ಮೂರು ಸಲ ಕೈ ಬದಲಿಸಿದರೂ ಮೂರು ಸಲ. ಇಷ್ಟಾದ ಮೇಲೂ ನಂಬಬಾರದು. ಬಂದೂಕನ್ನು ಮುಚ್ಚಿ, ಮೂತಿಯನ್ನು ಪೀಪಾಯಿಯ ತೂತಿಗೆ ಕೊಟ್ಟು, ಒಂದು ಸಲ ಟ್ರಿಗರ್ ಎಳೆಯಬೇಕು. ಇದಕ್ಕೆ ಮನೆಯಲ್ಲಿ ಮರಳನ್ನು ಕೇಳುವುದು ಅನ್ನುತ್ತಿದ್ದರು. ಮರಳು ಟಕ್ ಅನ್ನುತ್ತಿತ್ತು. ಗುಬ್ಬಿ ಹುಟ್ಟಿದಾಗಿನಿಂದ ಅದು ಟಕ್ ಬಿಟ್ಟು ಬೇರೆ ಏನೂ ಅಂದಿರಲಿಲ್ಲ.

ಈ ಮನೆಯವರ ಅಭ್ಯಾಸ ನೋಡಿ ಸೋದರಮಾವನಿಗೆ ನಗು. ಇವರ ಮನೇಲಿ ನೀರಿನ ಲೋಟ ಕೊಟ್ಟರೂ ಕಿರುಬೆರಳು ಅದ್ದಿ ನೋಡ್ತಾರೆ, ನಮ್ಮಕ್ಕ ನಲವತ್ತು ವರ್ಷದಿಂದ ಬೆರಳು ಅದ್ದಿದ ನೀರೇ ಕುಡೀತಿದ್ದಾಳೆ ಅನ್ನುತ್ತಿದ್ದ. ಅಮ್ಮ, ನೀನು ಕೂತು ತಿನ್ನೋ ತಟ್ಟೆಯನ್ನಾದರೂ ಖಾಲಿ ಅಂತ ಹೇಳಿ ಎದ್ದೇಳು ಅಂತ ತಿರುಗಿ ಹೇಳುತ್ತಿದ್ದಳು.

ಅಜ್ಜ ಇನ್ನೊಂದು ಮಾತನ್ನೂ ಹೇಳಿಹೋಗಿದ್ದರು. ಯಾರ ಬಾಯಿಂದ ಬಂದ "ಖಾಲಿ" ಮರಳನ್ನು ಮಾತಾಡಿಸುತ್ತದೋ ಅವರು ಮತ್ತೆ ಮೇಜಿಗೆ ಕೂರಬಾರದು. ಅಜ್ಜನ ಕಾಲದಲ್ಲಿ ಒಂದೇ ಒಂದು ಸಲ ಹಾಗಾಗಿತ್ತು, ಅದೂ ಸ್ವಂತ ತಮ್ಮನ ಕೈಯಲ್ಲಿ. ಆ ಚಿಕ್ಕಜ್ಜ ಅಂದಿನಿಂದ ಸಾಯುವ ತನಕ ಮುಂಬಾಗಿಲ ಬಳಿ ಕುರ್ಚಿಯಲ್ಲಿ ಕೂತು ಎಣ್ಣೆ ಬಾಟಲಿ, ಬ್ರಷ್ಷು ಮಾರಿದ. ಕುರ್ಚಿ ಈಗಲೂ ಅಲ್ಲೇ ಇತ್ತು. ಅದರ ಮೇಲೆ ಯಾರೂ ಕೂರುತ್ತಿರಲಿಲ್ಲ, ಅಂಗಡಿಯ ಚೀಲಗಳನ್ನು ಇಡುತ್ತಿದ್ದರು.

ಅದು ಗುರುವಾರ, ಹನ್ನೊಂದು ಗಂಟೆಯ ಹೊತ್ತು. ಬ್ಯಾಂಕಿನ ಕಾವಲುಗಾರ ತನ್ನ ಬಂದೂಕು ಹೊತ್ತು ತಂದ. ಆರಡಿ ದಾಟಿದ ಆಳು, ಬಾಗಿಲಲ್ಲಿ ಬಗ್ಗಿಯೇ ಬರಬೇಕು. ಸೋದರಮಾವ ಅವನಿಗೆ ಕಂಬ ಅಂತ ಹೆಸರಿಟ್ಟಿದ್ದ. ಅವನೂ ಆ ಹೆಸರಿಗೆ ಓಗೊಡುತ್ತಿದ್ದ. ಅವನ ಬಂದೂಕು ಮುಂದಿನ ಹಿಡಿಯನ್ನು ಹಿಂದಕ್ಕೆಳೆದು ಮುಂದಕ್ಕೆ ತಳ್ಳುವ ಜಾತಿ. ಎಳೆದಾಗ ಒಳಗಿನ ಒಂದು ಸಣ್ಣ ಕೊಕ್ಕೆ ಗೂಡಿನಲ್ಲಿರುವ ತೋಟಾವನ್ನು ಕಚ್ಚಿ ಹೊರಗೆ ಬಿಸಾಡುತ್ತದೆ. ಆ ಕೊಕ್ಕೆಯೇ ಸರಿಯಾಗಿ ಹಿಡೀತಿಲ್ಲ ಅಂತ ಕಂಬನ ದೂರು. ತೋಟಾ ಎಲ್ಲ ತೆಗೆದಿದ್ದೀನಿ, ಹಿಡಿ ಎರಡು ಸಲ ಎಳೆದು ನೋಡಿದೆ, ಏನೂ ಬೀಳಲಿಲ್ಲ ಅಂದ.

ಕೊಕ್ಕೆ ಸವೆದ ಬಂದೂಕಿನಲ್ಲಿ ಏನೂ ಬೀಳದಿದ್ದರೆ ಏನೂ ಇಲ್ಲ ಅಂತ ಅರ್ಥವಲ್ಲ. ಇದು ಕಸುಬಿನವರಿಗೆ ಗೊತ್ತಿಲ್ಲದ್ದಲ್ಲ. ಕಿರುಬೆರಳು ಇರುವುದೇ ಇಂಥ ಬಂದೂಕಿಗಾಗಿ.

ಅಪ್ಪ ಬಂದೂಕು ತೆಗೆದುಕೊಂಡರು. ಮೂತಿ ಪೀಪಾಯಿಯ ಕಡೆ. ಹಿಡಿ ಎಳೆದರು, ಬಲ್ಬಿನ ಬೆಳಕಿಗೆ ಹಿಡಿದು ನೋಡಿದರು, ಕಿರುಬೆರಳು ತೂರಿಸಿದರು. "ಖಾಲಿ" ಅಂದರು. ಗುಬ್ಬಿ ಕೈಚಾಚಿದಳು. ಅಪ್ಪನ ಬಾಯಲ್ಲಿ ಆ ಮಾತು ಇನ್ನೂ ಪೂರ್ತಿ ಆರಿರಲಿಲ್ಲ. ಅವಳು ಗೂಡಿನ ಕಡೆ ಒಮ್ಮೆ ಕಣ್ಣು ಹಾಯಿಸಿದಳು, ಕಿರುಬೆರಳನ್ನು ಉಗುರು ಮುಳುಗುವಷ್ಟು ಒಳಗಿಟ್ಟು ತೆಗೆದಳು, "ಖಾಲಿ" ಅಂದಳು. ಮಸಿ ಹಿಡಿದ ಗೂಡು, ಮಸಿ ಹಿಡಿದ ತೋಟಾದ ತಳ, ಎರಡೂ ಒಂದೇ ಬಣ್ಣ. ಮುಚ್ಚಿದಳು. ಮೂತಿಯನ್ನು ತೂತಿಗೆ ಕೊಟ್ಟಳು. ಪೀಪಾಯಿಯ ಪಕ್ಕದ ಸ್ಟೂಲಿನಿಂದ ಸೋದರಮಾವ ಉಪ್ಪುಕಾಗದ ಹೆಕ್ಕಿಕೊಳ್ಳಲು ಬಗ್ಗಿದ್ದ. ಅವಳು ಮರಳನ್ನು ಕೇಳಿದಳು.

ಮರಳು ಬಾಯಿ ಬಿಟ್ಟಿತು.

ಆಮೇಲೆ ಬಹಳ ಹೊತ್ತು ಶಬ್ದವೇ ಇರಲಿಲ್ಲ. ಕಂಬನ ಬಾಯಿ ಅಲ್ಲಾಡುತ್ತಿತ್ತು. ಸೋದರಮಾವ ತಲೆ ಮುಟ್ಟಿ, ಎದೆ ಮುಟ್ಟಿ, ಮೊಣಕಾಲು ಮುಟ್ಟಿ ನೋಡಿಕೊಳ್ಳುತ್ತಿದ್ದ, ಅಂಗಡಿಗೆ ಬಂದ ಸಾಮಾನನ್ನು ಎಣಿಸಿಕೊಳ್ಳುವ ಹಾಗೆ. ಪೀಪಾಯಿಯ ಬಾಯಿಂದ ಮರಳು ಸಣ್ಣಗೆ ಸುರಿಯುತ್ತಿತ್ತು. ಗುಬ್ಬಿಗೆ ಅದನ್ನು ಗುಡಿಸಬೇಕು ಅನ್ನಿಸಿತು. ಬಂದೂಕಿನ ಹಿಡಿಯನ್ನು ಪೂರ್ತಿ ಹಿಂದಕ್ಕೆಳೆದು ಕಡ್ಡಿ ಸಿಕ್ಕಿಸಿ, ಮೇಜಿನ ಮೇಲೆ ಗೋಡೆಯ ಕಡೆ ಮುಖ ಮಾಡಿ ಇಟ್ಟಳು. ಆಮೇಲೆ ಪೊರಕೆ ತಂದು ಗುಡಿಸಿದಳು. ಯಾರದೋ ಕೈ ಪೊರಕೆ ಹಿಡಿದಿದೆ, ತಾನು ಪಕ್ಕದಲ್ಲಿ ನಿಂತು ನೋಡುತ್ತಿದ್ದೇನೆ ಅನ್ನುವ ಹಾಗಿತ್ತು.

ಕಿವಿ ಬಿಟ್ಟುಕೊಂಡಾಗ ಮೊದಲು ಕೇಳಿಸಿದ್ದು ಕಂಬನ ಮಾತು. ಐದು ತುಂಬಿಸಿದ್ದನಂತೆ. ಅದರಲ್ಲಿ ಒಂದು ಗೂಡಿಗೆ ಹೋಗಿ ಕೂತದ್ದು ನೆನಪಿಲ್ಲ. ತೆಗೆಯುವಾಗ ಕೆಳಗಿನ ಕೊಳವೆಯಿಂದ ನಾಲ್ಕೇ ಸಿಕ್ಕಿದವು. ಐದನೆಯದು ಮಂಚದ ಕೆಳಗೆ ಉರುಳಿರಬೇಕು ಅಂದುಕೊಂಡು ಕಸಬರಿಗೆ ಹಾಕಿ ಹುಡುಕಿದ್ದ, ಹೆಂಡತಿಯ ಓಲೆಯ ತಿರುಪು ಸಿಕ್ಕಿತ್ತು, ತೋಟಾ ಸಿಕ್ಕಿರಲಿಲ್ಲ. ಅದನ್ನೇ ಮತ್ತೆ ಮತ್ತೆ ಹೇಳುತ್ತಿದ್ದ. ತಪ್ಪೆಲ್ಲ ನನ್ನದು, ನನ್ನದು ಅನ್ನುತ್ತಿದ್ದ. ಸೋದರಮಾವ ಅವನಿಗೆ ನೀರು ಕೊಟ್ಟು, ಕುಡಿ ಮಾರಾಯ, ಇದರಲ್ಲಿ ಏನೂ ಇಲ್ಲ, ಬೇಕಾದ್ರೆ ಬೆರಳು ಹಾಕಿ ನೋಡ್ಕೋ ಅಂದ. ಯಾರೂ ನಗಲಿಲ್ಲ. ಅವನೂ ನಗಲಿಲ್ಲ.

ಗುಬ್ಬಿಗೆ ಗೊತ್ತಿತ್ತು, ಕಂಬನ ತಪ್ಪು ಹೊಸ್ತಿಲ ಆಚೆಗಿನದು. ಹೊಸ್ತಿಲು ದಾಟಿದ ಮೇಲೆ ಆ ಬಂದೂಕನ್ನು ಖಾಲಿ ಅಂದವರು ಇಬ್ಬರು, ಕೊನೆಗೆ ಅಂದವಳು ತಾನು. ಏಪ್ರನ್ನಿನ ಗಂಟು ಬಿಚ್ಚಿದಳು. ಅದನ್ನು ನಾಲ್ಕು ಮಡಿಕೆ ಮಡಚಿ ಮೇಜಿನ ಮೇಲಿಟ್ಟಳು. ಅಪ್ಪ ನೋಡುತ್ತಿದ್ದರು. ನಾನೂ ಹೇಳಿದ್ದೆ ಅನ್ನಲಿಲ್ಲ. ಬೇಡ ಅನ್ನಲಿಲ್ಲ. ಅವಳು ಬಾಗಿಲ ಬಳಿ ಹೋಗಿ ಚಿಕ್ಕಜ್ಜನ ಕುರ್ಚಿಯ ಮೇಲಿದ್ದ ಚೀಲಗಳನ್ನು ಕೆಳಗಿಟ್ಟು ಕೂತಳು.

ಹತ್ತು ದಿನ ಹಾಗೆ ಕಳೆಯಿತು. ಎಣ್ಣೆ ಮಾರಿದಳು, ಬ್ರಷ್ಷು ಮಾರಿದಳು. ಹೊಟ್ಟೆ ಹಸಿಯುತ್ತಿತ್ತು, ಉಣ್ಣುತ್ತಿದ್ದಳು. ನಿದ್ದೆಯೂ ಬರುತ್ತಿತ್ತು. ಅಳು ಬರಬಹುದು ಅಂತ ಒಂದೆರಡು ಸಲ ಬಚ್ಚಲಲ್ಲಿ ಕಾದು ನೋಡಿದಳು, ಬರಲಿಲ್ಲ. ಜೋಮು ಹಿಡಿದ ಕಾಲಿನ ಮೇಲೆ ಕೂತ ಹಾಗಿತ್ತು, ಕಾಲು ಇದೆ ಅಂತ ಗೊತ್ತು, ತನ್ನದು ಅಂತ ಅನ್ನಿಸುವುದಿಲ್ಲ. ಒಂದು ಮಧ್ಯಾಹ್ನ ಅಂಗಡಿಯಲ್ಲಿ ಯಾರೂ ಇಲ್ಲದಾಗ ಪೀಪಾಯಿಯ ತೂತಿನಿಂದ ಸೋದರಮಾವನ ಸ್ಟೂಲಿನ ತನಕ ಅಂಗೈಯಿಂದ ಅಳೆದಳು. ಎರಡು ಗೇಣು, ಮೂರು ಬೆರಳು. ಸ್ಟೂಲನ್ನು ಎದುರು ಮೂಲೆಗೆ ಸರಿಸಿಟ್ಟಳು. ಸೋದರಮಾವ ಬಂದು, ನನ್ನ ಸಿಂಹಾಸನ ಯಾಕೆ ವನವಾಸಕ್ಕೆ ಹೋಯಿತು ಅಂತ ಕೇಳಿದ, ಉತ್ತರಕ್ಕೆ ಕಾಯದೆ ಅಲ್ಲೇ ಹೋಗಿ ಕೂತ.

ಮೇಜಿನ ಬಳಿ ಅಪ್ಪ ಒಬ್ಬರೇ. ಅಲ್ಲಿಂದ ಖಾಲಿ, ಖಾಲಿ ಅನ್ನುವ ದನಿ ಆಗಾಗ ಬರುತ್ತಿತ್ತು. ಹಿಂದೆ ಅದಕ್ಕೆ ಇನ್ನೊಂದು ದನಿ ಜೊತೆಯಾಗುತ್ತಿತ್ತು, ಈಗ ಒಂದೇ. ಪ್ರತಿ ಸಲವೂ ಗುಬ್ಬಿಯ ಕಿರುಬೆರಳು ಮಡಿಲಲ್ಲಿ ತಾನಾಗಿ ನೆಟ್ಟಗಾಗುತ್ತಿತ್ತು.

ಹತ್ತನೆಯ ದಿನ ಭಾನುವಾರ. ಸಂಜೆ ಅಡುಗೆಮನೆಯಲ್ಲಿ ಅಮ್ಮ ಒಲೆಯ ಮೇಲಿನ ಹಾಲಿನ ಪಾತ್ರೆ ಇಳಿಸಿ ಬಟ್ಟೆಗಾಗಿ ಆಚೆ ತಿರುಗಿದ್ದಳು. ಅಪ್ಪ ಒಳಗೆ ಬಂದವರು ದಾರಿಗೆ ಅಡ್ಡ ಇದೆ ಅಂತ ಆ ಪಾತ್ರೆಯ ಅಂಚನ್ನು ಬರಿಗೈಯಲ್ಲಿ ಹಿಡಿದು ಪಕ್ಕಕ್ಕಿಟ್ಟರು. ಅವಸರ ಮಾಡಲಿಲ್ಲ, ಹಾ ಅನ್ನಲಿಲ್ಲ. ನೀರು ಕುಡಿದು ಹೊರಗೆ ಹೋದರು. ಗುಬ್ಬಿ ಎದ್ದು ಹೋಗಿ ಪಾತ್ರೆಯ ಅಂಚನ್ನು ಮುಟ್ಟಿದಳು, ಚುರ್ ಅಂತು, ಕೈ ಹಿಂದಕ್ಕೆಳೆದಳು.

ಅಮ್ಮ ಬಟ್ಟೆ ಹಿಡಿದುಕೊಂಡು ನಿಂತಿದ್ದಳು. ಅಮ್ಮನ ಮುಖ ನೋಡಿದ ಕೂಡಲೇ ಗುಬ್ಬಿಗೆ ಹಲವು ತಿಂಗಳುಗಳು ಒಟ್ಟಿಗೆ ಕಂಡವು. ಅಪ್ಪನ ಚಹಾವನ್ನು ಅಮ್ಮ ಈಚೆಗೆ ಎರಡು ಲೋಟಕ್ಕೆ ಎತ್ತಿ ಸುರಿದು ಆರಿಸಿಯೇ ಕೊಡುತ್ತಿದ್ದಳು. ಇಳಿವಯಸ್ಸಿನ ಮುದ್ದು ಅಂದುಕೊಂಡು ತಾನು, ಸೋದರಮಾವ ಇಬ್ಬರೂ ಚುಡಾಯಿಸಿದ್ದರು. ಅಪ್ಪನ ಅಂಗಿಯ ಗುಂಡಿ ಅಮ್ಮನೇ ಹಾಕಿಕೊಡುತ್ತಿದ್ದಳು. ಸ್ನಾನದ ನೀರನ್ನು ಮೊದಲು ತಾನು ಮುಟ್ಟಿ ನೋಡುತ್ತಿದ್ದಳು.

"ಎಷ್ಟು ದಿನದಿಂದ?" ಗುಬ್ಬಿ ಕೇಳಿದಳು.

"ಆರು ತಿಂಗಳು. ಸಕ್ಕರೆ ಕಾಯಿಲೆ ಬೆರಳಿಗೆ ಇಳಿದಿದೆ ಅಂದ್ರು ಡಾಕ್ಟ್ರು. ನಿನಗೆ ಹೇಳಬೇಡ ಅಂತ ನನ್ನ ಹತ್ರ ಮಾತು ತಗೊಂಡಿದ್ರು."

ಅಮ್ಮ ಹಾಲಿಗೆ ತಟ್ಟೆ ಮುಚ್ಚಿದಳು. ರಾತ್ರಿ ಊಟದ ಹೊತ್ತಿಗೆ ಅಪ್ಪನ ಬಲಗೈಯ ಎರಡು ಬೆರಳಲ್ಲಿ ಬೊಕ್ಕೆ ಎದ್ದಿತ್ತು, ಕಿರುಬೆರಳಿನದು ದೊಡ್ಡದು. ಅವರು ಅದನ್ನು ನೋಡಿಯೇ ಇರಲಿಲ್ಲ.

ಆರು ತಿಂಗಳು ಅಂದರೆ ದಿನಕ್ಕೆ ಐದಾರು ಬಂದೂಕು. ಗುಬ್ಬಿ ಎಣಿಸಲು ಹೋಗಲಿಲ್ಲ. ಅಷ್ಟು ಸಲ ಆ ಬೆರಳು ಗೂಡಿನೊಳಗೆ ಹೋಗಿ, ಏನನ್ನೂ ತಿಳಿಯದೆ ಹೊರಗೆ ಬಂದು, ಖಾಲಿ ಅಂತ ಹೇಳಿಸಿತ್ತು. ಅಷ್ಟೂ ಸಲ ತಾನು ಅದರ ಹಿಂದೆ ಹಿಂದೆ ಖಾಲಿ ಅಂದಿದ್ದಳು. ನಾಳೆ ಸೋಮವಾರ, ಬಾಗಿಲು ತೆರೆದರೆ ಮತ್ತೆ ಬಂದೂಕುಗಳು ಬರುತ್ತವೆ, ಈಗಂತೂ ಹಿಂದೆ ಯಾರೂ ಇಲ್ಲ. ಹೇಳಿದರೆ ಅಪ್ಪ ಮೇಜು ಬಿಡಬೇಕು. ಹನ್ನೆರಡನೆಯ ವಯಸ್ಸಿನಿಂದ ಕೂತ ಮೇಜು, ಅದನ್ನು ಬಿಟ್ಟು ಆ ಮನುಷ್ಯನಿಗೆ ಕೂರುವ ಜಾಗವೇ ಗೊತ್ತಿಲ್ಲ. ಹೇಳದಿದ್ದರೆ ಒಂದು ದಿನ ಮೂತಿ ಎರಡು ಗೇಣು ಆಚೆಗಿರುತ್ತದೆ. ಇದನ್ನೆಲ್ಲ ಬೇರೆ ಯಾರದೋ ಮನೆಯ ವಿಷಯವನ್ನು ಗೋಡೆಯಾಚೆಯಿಂದ ಕೇಳಿದ ಹಾಗೆ ಕೇಳಿಕೊಂಡಳು. ಆಮೇಲೆ ಎದ್ದು ಸೋದರಮಾವನ ಹತ್ತಿರ ಹೋಗಿ, ನಾಳೆ ಬೆಳಿಗ್ಗೆ ಬೇಗ ಬಂದು ಒಂದು ಮರದ ತೋಟಾ ಮಾಡಿಕೊಡು ಅಂದಳು. ತೋಟಾದಷ್ಟೇ ದಪ್ಪ, ಅಷ್ಟೇ ಉದ್ದ. ತಳಕ್ಕೆ ಮಸಿ ಬಳಿದಿರಬೇಕು.

"ಯಾವ ದೈತ್ಯನಿಗೆ ಹಲ್ಲು ಕಟ್ಟಿಸ್ತಿದ್ದೀಯಾ ಗುಬ್ಬಿ?" ಅಂದ ಸೋದರಮಾವ. ಅವಳು ಹೇಳಿದಳು. ಅವನು ಬಹಳ ಹೊತ್ತು ತನ್ನ ಅಂಗೈ ಉಜ್ಜಿಕೊಂಡ. ಆಯ್ತು ಅಂದ.

ಸೋಮವಾರ ಬೆಳಿಗ್ಗೆ ಅಂಗಡಿಯ ಶಟರು ಅರ್ಧ ಮೇಲೆದ್ದಿತ್ತು. ಕಂಬನ ಬಂದೂಕು ಹೊಸ ಕೊಕ್ಕೆಗಾಗಿ ಕಾಯುತ್ತ ಅಲ್ಲೇ ಇತ್ತು. ತೋಟಾ ಅನ್ನುವ ವಸ್ತು ಕೋಣೆಯಲ್ಲಿ ಒಂದೂ ಇಲ್ಲ ಅಂತ ಗುಬ್ಬಿ ಕಪಾಟು, ಮೇಜಿನ ಖಾನೆ ಎಲ್ಲ ನೋಡಿದಳು. ಆಮೇಲೆ ಬಂದೂಕು ತೆಗೆದುಕೊಂಡು ನೋಡಿದಳು, ಬೆರಳು ಹಾಕಿದಳು, ಮರಳನ್ನು ಕೇಳಿದಳು. ಟಕ್. ಸೋದರಮಾವ ಮಾಡಿಕೊಟ್ಟ ಮರದ ತೋಟಾವನ್ನು ಗೂಡಿನೊಳಗೆ ಒತ್ತಿ ಕೂರಿಸಿದಳು.

ಅಪ್ಪ ಬಗ್ಗಿ ಒಳಗೆ ಬಂದರು, ಊಟದ ಚೀಲವನ್ನು ಮೊಳೆಗೆ ನೇತುಹಾಕಿದರು, ಏಪ್ರನ್ ಕಟ್ಟಿಕೊಂಡರು. ಬೆರಳಿಗೆ ಅಮ್ಮ ಬಿಳಿ ಬಟ್ಟೆ ಸುತ್ತಿದ್ದಳು, ಅದನ್ನು ಬಿಚ್ಚಿ ಜೇಬಿಗೆ ಹಾಕಿಕೊಂಡರು. ಮಗಳು ಮೇಜಿನ ಬಳಿ ನಿಂತಿದ್ದು ನೋಡಿ ಹುಬ್ಬು ಗಂಟಿಕ್ಕಿದರು.

"ಅಪ್ಪಾ, ಇದನ್ನ ತಗೊಳ್ಳಿ."

ಕೈ ತಾನಾಗಿ ಮುಂದೆ ಬಂತು. ಐವತ್ತು ವರ್ಷದ ಅಭ್ಯಾಸ. ಮೂತಿ ಪೀಪಾಯಿಗೆ, ಹಿಡಿ ಹಿಂದಕ್ಕೆ, ಗೂಡು ಬಲ್ಬಿಗೆ. ಕಣ್ಣು ನೋಡಿತು. ಕಿರುಬೆರಳು ಒಳಗೆ ಹೋಯಿತು. ಎರಡನೆಯ ಗೆಣ್ಣಿನ ತನಕ ಹೋಗಬೇಕಾದದ್ದು ಮೊದಲ ಗೆಣ್ಣಿಗೇ ನಿಂತಿತು. ಬೆರಳು ಏನನ್ನೋ ಒತ್ತಿ ಸ್ವಲ್ಪ ಬಾಗಿದ್ದು ಗುಬ್ಬಿಗೆ ಸ್ಪಷ್ಟವಾಗಿ ಕಂಡಿತು. ಬೆರಳು ಮುಟ್ಟುತ್ತಿತ್ತು, ಬೆರಳಿಗೆ ಗೊತ್ತಿರಲಿಲ್ಲ.

"ಖಾಲಿ," ಅಂದರು ಅಪ್ಪ.

"ಇನ್ನೊಂದು ಸಲ ನೋಡಿ."

ಅಪ್ಪ ಗೂಡನ್ನು ನೋಡಲಿಲ್ಲ, ಮಗಳನ್ನು ನೋಡಿದರು. ಆಮೇಲೆ ಮೂಲೆಯಲ್ಲಿ ಬೆನ್ನು ಮಾಡಿ ಕೂತ ಭಾವಮೈದುನನನ್ನು ನೋಡಿದರು. ಅವನು ಹುಟ್ಟಿದಾಗಿನಿಂದ ಇಷ್ಟು ಹೊತ್ತು ಸುಮ್ಮನೆ ಕೂತದ್ದೇ ಇಲ್ಲ. ಅಪ್ಪ ಬಂದೂಕನ್ನು ಮೇಜಿನ ಮೇಲೆ ಮೆಲ್ಲಗೆ ಇಟ್ಟರು, ಮೂತಿ ಗೋಡೆಗೆ.

"ಏನಿದೆ ಒಳಗೆ?"

"ಮರದ್ದು."

ಗುಬ್ಬಿ ಉದ್ದನೆಯ ಕಡ್ಡಿಯನ್ನು ಮೂತಿಯ ಕಡೆಯಿಂದ ತೂರಿಸಿ ತಳ್ಳಿದಳು. ಮರದ ತೋಟಾ ಮೇಜಿನ ಮೇಲೆ ಬಿದ್ದು ಉರುಳಿ ಅಪ್ಪನ ಕೈಗೆ ತಾಗಿ ನಿಂತಿತು. ತಾಗಿದ್ದು ಅವರಿಗೆ ಕಂಡಿತು, ಅಷ್ಟೇ.

ಅಪ್ಪ ಸ್ಟೂಲಿನ ಮೇಲೆ ಕೂತರು. ಮೊದಮೊದಲು ದಪ್ಪ ಕೈಗವಸು ಹಾಕಿಕೊಂಡ ಹಾಗಿತ್ತಂತೆ, ಆಮೇಲೆ ಕೈಗವಸಿನೊಳಗೆ ಕೈಯೇ ಇಲ್ಲದ ಹಾಗೆ. ಅರ ಹಿಡಿದರೆ ಕಣ್ಣಿನಿಂದ ನೋಡಿಕೊಂಡು ಉಜ್ಜಬಹುದಿತ್ತು, ಕೆಲಸಕ್ಕೇನೂ ಕುಂದು ಬಂದಿರಲಿಲ್ಲ. ಗೂಡನ್ನೂ ಕಣ್ಣಿನಿಂದಲೇ ನೋಡಿದರೆ ಸಾಕು ಅಂತ ತಮಗೆ ತಾವೇ ಹೇಳಿಕೊಂಡಿದ್ದರು. ಬೆರಳನ್ನು ಸುಮ್ಮನೆ ತೂರಿಸುತ್ತಿದ್ದರು, ನೋಡಿದವರಿಗೆ ತಿಳಿಯದಿರಲಿ ಅಂತ.

"ನನ್ನ ಹಿಂದೆ ನೀನಿದ್ದೀಯಲ್ಲ ಅಂದ್ಕೊಂಡೆ," ಅಂದರು.

"ನನ್ನ ಮುಂದೆ ನೀವಿದ್ದೀರಲ್ಲ ಅಂದ್ಕೊಂಡೆ," ಅಂದಳು ಗುಬ್ಬಿ.

ಶಟರಿನ ಕೆಳಗಿನಿಂದ ಬೀದಿಯಲ್ಲಿ ಹೋಗುವವರ ಚಪ್ಪಲಿಗಳು ಕಾಣುತ್ತಿದ್ದವು. ಅಪ್ಪ ಬೆನ್ನ ಹಿಂದೆ ಕೈ ಹಾಕಿ ಏಪ್ರನ್ನಿನ ಗಂಟು ಹುಡುಕಿದರು. ಬೆರಳಿಗೆ ಗಂಟು ಸಿಗಲಿಲ್ಲ. ಗುಬ್ಬಿ ಒಂದು ಗಳಿಗೆ ನಿಂತಳು. ಹೋಗಿ ಬಿಚ್ಚಿಕೊಟ್ಟಳು.

"ನೀನು ಬಿಚ್ಚಿಟ್ಟ ದಿನ ನಾನು ಬಾಯಿ ಬಿಡಬೇಕಿತ್ತು," ಅಂದರು ಅಪ್ಪ, ಬೆನ್ನು ತಿರುಗಿಸಿಕೊಂಡೇ. ಗುಬ್ಬಿ ಹೂಂ ಅಂದಳು. ಇಲ್ಲ, ಪರವಾಗಿಲ್ಲ ಅನ್ನಲು ಬಾಯಿ ಬರಲಿಲ್ಲ, ಬರಿಸಲೂ ಇಲ್ಲ.

"ಅಜ್ಜನ ಲೆಕ್ಕದಲ್ಲಿ ಇಬ್ಬರೂ ಹೊರಗೆ. ಹಾಗಾದ್ರೆ ಅಂಗಡಿ ನನ್ನದಾಯ್ತು," ಅಂದ ಸೋದರಮಾವ ಮೂಲೆಯಿಂದ. "ನಾಳೆಯಿಂದ ಬಾಚಣಿಗೆ ಮಾಡ್ತೀನಿ."

ಅಪ್ಪ ಅದಕ್ಕೆ ನಗಲಿಲ್ಲ. ನಿಧಾನವಾಗಿ ಹೇಳಿದರು. ಮರಳು ಮಾತಾಡಿದ್ದು ಒಂದು ಸಲ, ಸುಳ್ಳು ಹೇಳಿದ್ದು ಇಬ್ಬರು. ಒಬ್ಬನಿಗೆ ಬೆರಳೇ ಇಲ್ಲ, ಇದೆ ಅಂತ ತೋರಿಸಿಕೊಂಡ. ಇನ್ನೊಬ್ಬಳಿಗೆ ಇತ್ತು, ಬಳಸಲಿಲ್ಲ. ಇಲ್ಲದವನು ಏಳಬೇಕು, ಬಳಸದವಳು ಕೂತು ಬಳಸೋದನ್ನ ಕಲೀಬೇಕು. ಅಜ್ಜ ಇದ್ದಿದ್ದರೆ ಬೇರೆ ಹೇಳುತ್ತಿದ್ದರೇನೋ, ಅಜ್ಜ ಇಲ್ಲ. ಆಮೇಲೆ ಸೋದರಮಾವನ ಕಡೆ ತಿರುಗಿ, ಒಂದೇ ಬೆರಳಿನ ಅಂಗಡಿ ನಡೆಯೋದಿಲ್ಲ, ಇನ್ನೊಂದು ಬೆರಳು ನಿನ್ನದು ಅಂದರು.

ಐವತ್ತೆಂಟನೆಯ ವಯಸ್ಸಿನಲ್ಲಿ ಸೋದರಮಾವ ಕಬ್ಬಿಣ ಮುಟ್ಟಲು ಕಲಿತ. ನನ್ನ ಕಿರುಬೆರಳು ನಿನ್ನ ಹೆಬ್ಬೆರಳಷ್ಟಿದೆ, ಒಳಗೆ ಹೋದರೆ ಹೊರಗೆ ಬರೋದಿಲ್ಲ ಅಂತ ಗೊಣಗಿದ. ಬಂದೂಕು ಮೊದಲು ಅವನ ಕೈಗೆ, ಆಮೇಲೆ ಗುಬ್ಬಿಯ ಕೈಗೆ. ಅಪ್ಪ ಬಾಗಿಲ ಬಳಿ ಚಿಕ್ಕಜ್ಜನ ಕುರ್ಚಿಯಲ್ಲಿ ಕೂತರು. ದಿನಾ ಬೆಳಿಗ್ಗೆ, ಇವರಿಬ್ಬರೂ ಹೊರಗೆ ಹೋಗಿ ನಿಂತಾಗ, ಒಳಗಿನ ಹತ್ತು ಬಂದೂಕುಗಳಲ್ಲಿ ಒಂದರ ಗೂಡಿಗೆ ಅವರು ಮರದ ತೋಟಾ ಸೇರಿಸಿಡುತ್ತಿದ್ದರು. ಕೆಲವು ದಿನ ಯಾವುದಕ್ಕೂ ಸೇರಿಸುತ್ತಿರಲಿಲ್ಲ. ಯಾವ ದಿನ ಯಾವುದು ಅಂತ ಮುಖದಲ್ಲಿ ತೋರಿಸುತ್ತಿರಲಿಲ್ಲ. ಹುಡುಕಿದ್ದನ್ನು ಒಯ್ದು ಅವರ ಮುಂದಿಡಬೇಕು, ಇಟ್ಟ ಮೇಲೆಯೇ ಶಟರು ಪೂರ್ತಿ ಮೇಲೇಳಬೇಕು. ಎರಡನೆಯ ವಾರ ಸೋದರಮಾವ ಒಂದನ್ನು ತಪ್ಪಿಸಿದ, ಗುಬ್ಬಿಯ ಕೈಯಲ್ಲಿ ಸಿಕ್ಕಿತು. ಅಂದು ಅವನು ಮಧ್ಯಾಹ್ನದ ತನಕ ಒಂದೂ ಜೋಕು ಹೇಳಲಿಲ್ಲ.

ಕೊಕ್ಕೆ ಹೊಸದಾಯಿತು. ಕಂಬ ಬಂದೂಕು ಒಯ್ಯಲು ಬಂದ. ಹೊಸ್ತಿಲಿನ ಆಚೆಯೇ ನಿಂತು, ಜೇಬಿನಿಂದ ಒಂದು ಡಬ್ಬಿ ತೆಗೆದು ಅಪ್ಪನ ಮುಂದೆ ಮುಚ್ಚಳ ಬಿಚ್ಚಿ ಹಿಡಿದ. ತೋಟಾಗಳು, ಹೊಸದಾಗಿ ಕೊಂಡ ಒಂದೂ ಸೇರಿ, ಐದಕ್ಕೆ ಐದೂ ಇಲ್ಲೇ ಇವೆ ಅಂತ ತೋರಿಸಲು. ಅಪ್ಪ ನೋಡಿ ತಲೆಯಾಡಿಸಿದರು. ಅವರ ಪಕ್ಕದಲ್ಲಿ ಅಮ್ಮ ಕಳಿಸಿದ ಚಹಾ ಇತ್ತು. ಲೋಟದ ಮೇಲೆ ಹಬೆ ಇದೆಯೋ ಇಲ್ಲವೋ ಅಂತ ಕಣ್ಣಲ್ಲೇ ನೋಡಿ, ಇದೆ ಅಂತ ಕಂಡು, ಕೈ ಹಿಂದಕ್ಕೆ ತೆಗೆದುಕೊಂಡರು.

ಒಳಗೆ ಸೋದರಮಾವ ಬಂದೂಕು ತೆರೆದ, ನೋಡಿದ, ಬೆರಳು ಹಾಕಿದ, "ಖಾಲಿ" ಅಂದ. ಗುಬ್ಬಿಗೆ ಕೊಟ್ಟ. ಅವಳು ಆ ಮಾತು ಪೂರ್ತಿ ಆರುವ ತನಕ ಕಾದಳು. ಗೂಡನ್ನು ಬಲ್ಬಿಗೆ ಹಿಡಿದು, ಯಾರೂ ಏನೂ ಹೇಳಿಯೇ ಇಲ್ಲ ಅನ್ನುವ ಹಾಗೆ ನೋಡಿದಳು. ಕಿರುಬೆರಳು ತೂರಿಸಿದಳು. ಮೊದಲ ಗೆಣ್ಣು ದಾಟಿತು, ಎರಡನೆಯದಕ್ಕೆ ಹೋಯಿತು. ದುಂಡನೆಯ ಕಬ್ಬಿಣ, ಒಳಗೆ ಒಂದು ಸಣ್ಣ ಅಂಚು, ಅಂಚಿನಾಚೆ ಏನೂ ಇಲ್ಲ. ತಣ್ಣಗಿತ್ತು. ಬೆರಳನ್ನು ಹಾಗೇ ಇಟ್ಟುಕೊಂಡಳು. ಮುಟ್ಟಿದ್ದು ಮುಟ್ಟಿದ ಹಾಗೆ ಅನ್ನಿಸುತ್ತಿತ್ತು, ಇಷ್ಟು ದಿನದಲ್ಲಿ ಮೊದಲ ಸಲ. ತಣ್ಣಗೆ, ಅಷ್ಟೇ, ಬೇರೇನೂ ಅಲ್ಲ.

ಆಮೇಲೆ ಹೇಳಿದಳು. ಮರಳನ್ನು ಕೇಳಿದಳು. ಟಕ್.

ಬಂದೂಕನ್ನು ತೆರೆದೇ ಹಿಡಿದುಕೊಂಡು ಬಾಗಿಲಿಗೆ ಬಂದಳು. ಕಂಬ ಕೈ ಚಾಚಿ, ಖಾಲಿ ತಾನೇ ಅಂತ ಕೇಳಿದ.

"ನನ್ನ ಕೇಳಬೇಡಿ," ಅಂದಳು ಗುಬ್ಬಿ. "ನೀವೇ ನೋಡಿ."

ಕಂಬ ಬಾಗಿದ. ತನ್ನ ಮಾರುದ್ದದ ಕೈಯ ಕಿರುಬೆರಳನ್ನು ಗೂಡಿನೊಳಗೆ ಮೆಲ್ಲಗೆ ಬಿಟ್ಟ. ಕುರ್ಚಿಯಲ್ಲಿ ಅಪ್ಪ ಚಹಾ ಮುಟ್ಟದೆ, ಅವನ ಬಾಯಿಂದ ಮಾತು ಬರುವುದನ್ನೇ ಕಾಯುತ್ತ ಕೂತಿದ್ದರು.